ವಾಟರ್ ಪಂಪ್ ಬದಲಿಸುವ ಮುನ್ನ ಫ್ಯಾನ್ ಕಡೆ ನೋಡಿ

ಪ್ರಶ್ನೆ: ನಮ್ಮೂರು ಚಿಂತಾಮಣಿ. ಅಪ್ಪ ಕೊಂಡ 1994ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಎರಡು ವರ್ಷದ ಹಿಂದೆ ಎಂಜಿನ್ ಬಿಚ್ಚಿಸಿ ಕೆಲಸ ಮಾಡಿಸಿದೆ, ಆಗಲೇ ಎಸಿ ಕೂಡ ಹಾಕಿಸಿದೆ. ಹೊಸಕೋಟೆವರೆಗೆ ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ಗೆ ಸಿಕ್ಕಿಕೊಂಡರೆ ಹತ್ತೇ ನಿಮಿಷದಲ್ಲಿ ಕೆಂಪು ಗೆರೆ ಹತ್ತಿರ ಹೋಗುತ್ತದೆ. ನಂದಿ ಬೆಟ್ಟ ಹತ್ತುವಾಗಲೂ ಏರುತ್ತದೆ, ಆದರೆ ಎಸಿ ಆಫ್ ಮಾಡಿದರೆ ಮುಕ್ಕಾಲಿಗೆ ಬಂದು ನಿಲ್ಲುತ್ತದೆ. ಎಸಿ ಜೊತೆ ಹಾಕಿದ ಮುಂದಿನ ಚಿಕ್ಕ ಫ್ಯಾನ್ ಒಂದೊಂದು ಸಲ ತಿರುಗುತ್ತದೆ, ಒಂದೊಂದು ಸಲ ಇಲ್ಲ. ಥರ್ಮೋಸ್ಟಾಟ್ ತೆಗೆಸಿದ್ದೇನೆ. ರೇಡಿಯೇಟರ್‌ಗೆ ಹಾಕುವುದು ಮನೆಯ ಬೋರ್‌ವೆಲ್ ನೀರು. ಬೆಂಗಳೂರಿನ ಮೆಕ್ಯಾನಿಕ್ ಒಬ್ಬರು ಹೇಳುವುದೇನೆಂದರೆ, ಬೆಲ್ಟ್ ಪಂಪ್ ಟ್ರಾಫಿಕ್‌ನಲ್ಲಿ ನಿಧಾನ ತಿರುಗುತ್ತದೆ, ಅದನ್ನು ತೆಗೆದು ಎಲೆಕ್ಟ್ರಿಕ್ ವಾಟರ್ ಪಂಪ್ ಹಾಕಿದರೆ ಮತ್ತೆ ಹೀಟ್ ಆಗುವ ಮಾತೇ ಇಲ್ಲ, ಜೊತೆಗೆ ಐದಾರು ಹಾರ್ಸ್ ಪವರ್ ಉಳಿಯುತ್ತದೆ, ಮೈಲೇಜೂ ಬರುತ್ತದೆ. 35,000 ರೂಪಾಯಿ ಹೇಳಿದ್ದಾರೆ. ಇನ್ನೊಬ್ಬರು, ನೀರು ಜೋರಾಗಿ ಓಡಿದರೆ ರೇಡಿಯೇಟರ್‌ನಲ್ಲಿ ತಣಿಯಲು ಟೈಮೇ ಸಿಗಲ್ಲ, ಬೇಡ ಅನ್ನುತ್ತಾರೆ. ದಾರಿಯಲ್ಲಿ ಪಂಪ್ ನಿಂತು ಎಂಜಿನ್ ಹೋದರೆ ಎಂಬ ಭಯ ನನ್ನದು. ಏನು ಮಾಡಲಿ?

ಉತ್ತರ: 35,000 ರೂಪಾಯಿ ಸದ್ಯಕ್ಕೆ ಜೇಬಲ್ಲೇ ಇರಲಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಪಂಪ್ ಬಗ್ಗೆ. ಆದರೆ ಉತ್ತರ ಇರುವುದು ನೀವು ನಡುವೆ ಸುಮ್ನೆ ಹೇಳಿ ಮುಂದೆ ಹೋದ ಮೂರು ಮಾತಿನಲ್ಲಿ. ಮುಂದಿನ ಫ್ಯಾನ್ ಒಂದೊಂದು ಸಲ ತಿರುಗುತ್ತದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆಗೆಸಿದ್ದೀರಿ. ನೀರು ಬೋರ್‌ವೆಲ್‌ದು. ತುಮಕೂರಿನ ನಮ್ಮ ಗ್ಯಾರೇಜಿಗೆ ಹಳೇ ಕಾರುಗಳು ಬರುವುದು ಹೆಚ್ಚಾಗಿ ಇದೇ ದೂರಿನ ಮೇಲೆ. ಬಂದವರೆಲ್ಲ ಮೊದಲು ಬೈಯುವುದು ವಾಟರ್ ಪಂಪನ್ನು. ಪಾಪ, ಅದರ ತಪ್ಪು ಇರುವುದು ತೀರಾ ಕಡಿಮೆ.

ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ಮಾತು ನಿಜ. ಬೆಲ್ಟ್ ಪಂಪ್ ಎಂಜಿನ್ ಜೊತೆಗೇ ತಿರುಗುತ್ತದೆ. ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಓಡುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ, ಹೈವೇಯಲ್ಲಿ 3,200 ಸುತ್ತು. ಪಂಪ್ ತಳ್ಳುವ ನೀರು ಕೂಡ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ನಾಲ್ಕು ಪಟ್ಟು. ಅಂದರೆ ಟ್ರಾಫಿಕ್‌ನಲ್ಲಿ ನೀರಿನ ಓಟ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಅವರು ಹೇಳದೆ ಬಿಟ್ಟ ಅರ್ಧ ಮಾತಿದೆ. ಐಡಲಿಂಗ್‌ನಲ್ಲಿ ಎಂಜಿನ್ ಹುಟ್ಟಿಸುವ ಶಾಖವೂ ಅಷ್ಟೇ ಕಡಿಮೆ.

ಸ್ವಲ್ಪ ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ಪೆಟ್ರೋಲ್ ಎಂಜಿನ್ ಚಕ್ರಕ್ಕೆ ಕೊಡುವ ಶಕ್ತಿಗೆ ಹೆಚ್ಚುಕಡಿಮೆ ಸಮನಾದ ಶಾಖವನ್ನು ಕೂಲೆಂಟ್‌ಗೆ, ಅಂದರೆ ಎಂಜಿನ್ ತಣಿಸಲು ಸುತ್ತುವ ನೀರಿಗೆ, ಬಿಡುತ್ತದೆ. ನಿಮ್ಮ 1,089 ಸಿಸಿ ಎಂಜಿನ್ ಪೂರ್ತಿ ಜೋರಿನಲ್ಲಿ ಕೊಡುವುದೇ ಸುಮಾರು 40 ಹಾರ್ಸ್ ಪವರ್, ಅಂದರೆ 30 ಕಿಲೋವ್ಯಾಟ್. ನಿಂತಲ್ಲೇ ಓಡುವಾಗ ಕೂಲೆಂಟ್‌ಗೆ ಹೋಗುವುದು ನಾಲ್ಕೈದು ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ನೀರು ರೇಡಿಯೇಟರ್‌ನಲ್ಲಿ 10 ಡಿಗ್ರಿ ತಣ್ಣಗಾಗಿ ಬರುತ್ತದೆ ಅಂದರೆ, 5 ಕಿಲೋವ್ಯಾಟ್ ಹೊತ್ತೊಯ್ಯಲು ನಿಮಿಷಕ್ಕೆ ಸುಮಾರು 7 ಲೀಟರ್ ನೀರು ಸಾಕು. ಒಂದು ಪುಟ್ಟ ಬಕೆಟ್. ನೆಟ್ಟಗಿರುವ ಯಾವ ಬೆಲ್ಟ್ ಪಂಪ್ ಆದರೂ ಐಡಲಿಂಗ್‌ನಲ್ಲೇ ಇದಕ್ಕಿಂತ ಜಾಸ್ತಿ ತಳ್ಳುತ್ತದೆ. ಪೂರ್ತಿ 30 ಕಿಲೋವ್ಯಾಟ್ ಶಾಖಕ್ಕೂ ಬೇಕಾಗುವುದು ನಿಮಿಷಕ್ಕೆ 43 ಲೀಟರ್ ಅಷ್ಟೇ.

ಹಾಗಾದರೆ ಟಿನ್ ಫ್ಯಾಕ್ಟರಿ ಹತ್ತಿರ ಮುಳ್ಳು ಏಕೆ ಏರುತ್ತದೆ? ನೀರು ಶಾಖವನ್ನು ರೇಡಿಯೇಟರ್‌ವರೆಗೆ ತಂದು ಕೊಡುತ್ತಿದೆ. ಅಲ್ಲಿಂದ ಹೊತ್ತುಕೊಂಡು ಹೋಗಲು ಗಾಳಿ ಇಲ್ಲ. ಹೈವೇಯಲ್ಲಿ ಕಾರು ಓಡಿದರೆ ಗಾಳಿ ತಾನೇ ನುಗ್ಗುತ್ತದೆ, ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ. ನಿಂತಾಗ ಎಲ್ಲವೂ ಫ್ಯಾನ್ ಮೇಲೆ. ಪದ್ಮಿನಿಯ ಫ್ಯಾನ್ ಕೂತಿರುವುದೇ ವಾಟರ್ ಪಂಪಿನ ಪುಲ್ಲಿ ಮೇಲೆ. ಎಂಜಿನ್ ನಿಧಾನವಾದರೆ ಅದೂ ನಿಧಾನ. ಎಸಿ ಇಲ್ಲದ ಕಾಲಕ್ಕೆ ಅಷ್ಟು ಗಾಳಿ ಸಾಕಾಗಿತ್ತು. ನಿಮ್ಮ ಅಪ್ಪ ಇದೇ ಕಾರಿನಲ್ಲಿ ಮೇ ತಿಂಗಳಲ್ಲಿ ಊರೂರು ತಿರುಗಿರುತ್ತಾರೆ, ಅಲ್ವಾ?

ಈಗ ಎಸಿ ಬಂದಿದೆ. ರೇಡಿಯೇಟರ್ ಮುಂದೆ ಕಂಡೆನ್ಸರ್ ಕೂತಿದೆ. ಕಾರಿನ ಒಳಗಿನ ಶಾಖವನ್ನೆಲ್ಲ ಅದು ಮುಂದೆ ಉಗುಳುತ್ತದೆ, ಆ ಬಿಸಿ ಗಾಳಿಯೇ ರೇಡಿಯೇಟರ್‌ಗೆ ಬರುತ್ತದೆ. ಕಂಪ್ರೆಸರ್ ತಿರುಗಿಸಲು ಎಂಜಿನ್ ಕೂಡ ಹೆಚ್ಚು ಪೆಟ್ರೋಲ್ ಸುಡುತ್ತದೆ. ಇದೆಲ್ಲ ನಿಭಾಯಿಸಬೇಕಾದ ಮುಂದಿನ ಫ್ಯಾನ್ ಮನಸ್ಸು ಬಂದಾಗ ಮಾತ್ರ ತಿರುಗುತ್ತದೆ ಅಂತ ನೀವೇ ಬರೆದಿದ್ದೀರಿ. ಹೊಸಕೋಟೆವರೆಗೆ ಸರಿ ಇದ್ದು ಕೆ.ಆರ್. ಪುರದಲ್ಲಿ ಕೆಡುವ ಕಾರಿಗೆ ನೂರಕ್ಕೆ ತೊಂಬತ್ತು ಪಾಲು ಕಾಯಿಲೆ ಗಾಳಿಯದು. ಇಂಥ ಕಾರಿಗೆ ಹೊಸ ಪಂಪ್ ಹಾಕಿಸಿದರೆ, ಬಿಸಿ ನೀರು ಬಿಸಿಯಾಗಿಯೇ ಇನ್ನೂ ಜೋರಾಗಿ ಸುತ್ತುತ್ತದೆ ಅಷ್ಟೇ.

ನಂದಿ ಬೆಟ್ಟದ ಕಥೆ ಸ್ವಲ್ಪ ಬೇರೆ. ಅಲ್ಲಿ ಎರಡನೇ ಗೇರ್‌ನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಕಾರಿನ ವೇಗ ಮಾತ್ರ ಇಪ್ಪತ್ತು ಮೂವತ್ತು. ಶಾಖ ಜಾಸ್ತಿ, ಗಾಳಿ ಕಡಿಮೆ. ಅದರ ಮೇಲೆ ಎತ್ತರ. ಬೆಟ್ಟದ ತುದಿ 1,478 ಮೀಟರ್. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಸರಿ ಇದ್ದರೆ ಇದು ತೊಂದರೆ ಅಲ್ಲ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಸ್ಪ್ರಿಂಗ್ ಹಿಡಿದಿಡುವ ಪ್ರತಿ 1 ಪಿಎಸ್ಐ ಒತ್ತಡಕ್ಕೆ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಆ ರಕ್ಷಣೆ ಇಲ್ಲ. ಕಾರಿನ ಇಡೀ ಕೂಲಿಂಗ್ ವ್ಯವಸ್ಥೆಯಲ್ಲಿ ತೀರಾ ಅಗ್ಗದ ಸಾಮಾನು ಇದೇ. ಯಾರೂ ಬದಲಿಸದೆ ಬಿಡುವುದೂ ಇದನ್ನೇ.

ಇನ್ನು ಬೋರ್‌ವೆಲ್ ನೀರು. ನಿಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಹೊಸದೇನಲ್ಲ. ಆ ನೀರಿನ ಗಡಸುತನ ನಿಮಗೆ ನಾನು ಹೇಳಬೇಕಿಲ್ಲ. ಸೋಲಾರ್ ಪೈಪಿನಲ್ಲಿ, ಗೀಸರ್ ಕಾಯಿಲ್ ಮೇಲೆ, ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದು ಮನೆಮನೆಯ ಕಥೆ. ಅದೇ ನೀರು ಎಂಜಿನ್ ಒಳಗೆ 90 ಡಿಗ್ರಿಯಲ್ಲಿ ಸುತ್ತುತ್ತಿದೆ. ನೀರು ಆವಿಯಾಗಿ ಕಡಿಮೆಯಾದಾಗಲೆಲ್ಲ ನೀವು ಮತ್ತೆ ಅದೇ ನೀರು ತುಂಬುತ್ತೀರಿ. ಆವಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅದು ಮೊದಲು ಕೂರುವುದು ಅತಿ ಬಿಸಿ ಇರುವ ಜಾಗದಲ್ಲಿ, ಅಂದರೆ ಸಿಲಿಂಡರ್ ಸುತ್ತ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಒಳಗೆ. ಕಬ್ಬಿಣಕ್ಕೆ ಹೋಲಿಸಿದರೆ ಸುಣ್ಣ ಶಾಖ ದಾಟಿಸುವುದು ಹತ್ತಾರು ಪಟ್ಟು ಕಡಿಮೆ. ಒಂದು ಮಿಲಿಮೀಟರ್ ಪೊರೆ ಅಂದರೆ ಎಂಜಿನ್‌ಗೆ ಒಳಗಿನಿಂದ ಕಂಬಳಿ ಹೊದಿಸಿದ ಹಾಗೆ. ಉದುರಿದ ಚೂರು ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಒಮ್ಮೆ ಮಧುಗಿರಿ ಕಡೆಯಿಂದ ಬಂದ ಅಂಬಾಸಿಡರ್ ರೇಡಿಯೇಟರ್ ಟ್ಯಾಂಕ್ ಬಿಚ್ಚಿದಾಗ ಮೂರರಲ್ಲಿ ಒಂದು ಭಾಗ ನಾಳಗಳು ಪೂರ್ತಿ ಮುಚ್ಚಿದ್ದವು. ಮಾಲೀಕರು ಅಷ್ಟರಲ್ಲಿ ಎರಡು ವಾಟರ್ ಪಂಪ್ ಬದಲಿಸಿಯಾಗಿತ್ತು.

ನೀವು ಎಂಜಿನ್ ಕೆಲಸ ಮಾಡಿಸಿ ಎರಡೇ ವರ್ಷ. ಹಾಗಾಗಿ ಎಂಜಿನ್ ಬ್ಲಾಕ್ ಒಳಗೆ ತೀರಾ ಕೆಟ್ಟಿರಲಿಕ್ಕಿಲ್ಲ. ಆಗ ರೇಡಿಯೇಟರ್ ಬಿಚ್ಚಿ ತೊಳೆಸಿದ್ದರೋ ಇಲ್ಲವೋ, ಅದನ್ನು ನೆನಪು ಮಾಡಿಕೊಳ್ಳಿ.

ಥರ್ಮೋಸ್ಟಾಟ್ ಬಗ್ಗೆ ಜಗಳವಾಡಲೇಬೇಕು. ‘ನಮ್ಮ ಬಿಸಿಲಿಗೆ ಇದು ಬೇಡ’ ಎಂಬ ಮಾತು ನಾನು ಕೆಲಸ ಕಲಿಯುವಾಗಲೇ ಇತ್ತು, ನನ್ನ ಗುರುಗಳೇ ಹೇಳುತ್ತಿದ್ದರು. ಥರ್ಮೋಸ್ಟಾಟ್ ಎಂಜಿನ್‌ನ ಬಿಸಿ ಹೆಚ್ಚಿಸಲು ಇರುವುದಲ್ಲ. 80 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಬಾಗಿಲು ತೆರೆಯುತ್ತದೆ, ಆಮೇಲೆ ಅಡ್ಡ ಬರುವುದಿಲ್ಲ. ಅದನ್ನು ತೆಗೆದರೆ ಎಂಜಿನ್ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ತಾನೇ ಮುಚ್ಚುವಂಥ ಎಂಜಿನ್‌ಗಳಲ್ಲಿ ಇನ್ನೂ ಒಂದು ತೊಂದರೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಹೋಗುತ್ತದೆ. ಹೊಸದು ತಂದ ಮೇಲೆ ನೇರ ಹಾಕಬೇಡಿ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ. ನೀರು ಕುದಿಯುವ ಮೊದಲೇ ಚೆನ್ನಾಗಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಅಂಗಡಿಗೆ ವಾಪಸ್.

ಇದರ ಪಕ್ಕದ್ದೇ ಇನ್ನೊಬ್ಬರ ಮಾತು, ನೀರು ಜೋರಾಗಿ ಓಡಿದರೆ ತಣಿಯಲ್ಲ ಎಂಬುದು. ಇದು ತಪ್ಪು. ರೇಡಿಯೇಟರ್‌ನಲ್ಲಿ ಒಂದು ಹನಿ ನೀರು ಕಡಿಮೆ ಹೊತ್ತು ಇರುತ್ತದೆ ನಿಜ, ಆದರೆ ಅದೇ ಹನಿ ಮತ್ತೆ ಮತ್ತೆ ಬರುತ್ತದೆ. ಎಂಜಿನ್ ಒಳಗೂ ಕಡಿಮೆ ಹೊತ್ತೇ ಇರುತ್ತದೆ. ಬಿಸಿ ಕಾಫಿ ಆರಿಸಲು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತೇವೆ. ನಿಧಾನಕ್ಕೆ ಹೊಯ್ದರೆ ಬೇಗ ಆರುತ್ತದೆ ಅಂತ ಯಾರಾದರೂ ಹೇಳುತ್ತಾರೆಯೇ? ಥರ್ಮೋಸ್ಟಾಟ್ ತೆಗೆದ ಕೆಲವು ಎಂಜಿನ್‌ಗಳು ಹೀಟ್ ಆದದ್ದು ನೋಡಿಯೇ ಈ ನಂಬಿಕೆ ಹುಟ್ಟಿದ್ದು. ಅಲ್ಲಿ ಕಾರಣ ವೇಗವಲ್ಲ. ಬೈಪಾಸ್ ತೆರೆದೇ ಉಳಿದದ್ದು, ಬ್ಲಾಕ್ ಒಳಗಿನ ಒತ್ತಡ ಬಿದ್ದು ಅಲ್ಲಲ್ಲಿ ನೀರು ಆವಿಯಾದದ್ದು.

ಐದಾರು ಹಾರ್ಸ್ ಪವರ್ ಉಳಿತಾಯದ ಮಾತು ಕೇಳಿ ನಗು ಬಂತು, ತಪ್ಪು ತಿಳಿಯಬೇಡಿ. ಎಚ್‌ಪಿ ಅಂದರೆ ಏನು ಅಂತ ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. 5 ಎಚ್‌ಪಿ ಮೋಟರ್ ನೆಲದೊಳಗಿಂದ ನೀರೆತ್ತಿ ತೋಟಕ್ಕೆ ಹಾಯಿಸುತ್ತದೆ. ಪಂಪಿನೊಳಗೆ ನೀರು ತಳ್ಳುವ ಅಂಗೈ ಅಗಲದ ರೆಕ್ಕೆಚಕ್ರ, ಇಂಪೆಲರ್, ನಿಮಿಷಕ್ಕೆ ಮೂವತ್ತು ನಲವತ್ತು ಲೀಟರ್ ನೀರನ್ನು ಒಂದಡಿ ಎರಡಡಿ ದೂರ ಸುತ್ತಿಸಲು ಅಷ್ಟು ತಿನ್ನುತ್ತದೆಯೇ? ಇಂಥ ಪಂಪ್ ತಿನ್ನುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅದಕ್ಕೇ 8,000 ಸುತ್ತು ತಿರುಗುವ ರೇಸ್ ಎಂಜಿನ್‌ನಲ್ಲಿ ಈ ಉಳಿತಾಯಕ್ಕೆ ಅರ್ಥವಿದೆ. 2,500 ಸುತ್ತಿನಲ್ಲಿ ಓಡುವ ನಿಮ್ಮ ಪದ್ಮಿನಿಯಲ್ಲಿ ಅದು ಕೆಲವು ನೂರು ವ್ಯಾಟ್, ಒಂದು ಎಚ್‌ಪಿಗಿಂತಲೂ ಕಡಿಮೆ. ಆ ಬೆಲ್ಟ್‌ನಲ್ಲಿ ಹೆಚ್ಚು ತಿನ್ನುವುದು ಪಂಪ್ ಅಲ್ಲ, ಫ್ಯಾನ್.

ಎಲೆಕ್ಟ್ರಿಕ್ ಪಂಪೂ ಪುಕ್ಕಟೆ ತಿರುಗುವುದಿಲ್ಲ. ಅದು 8 ಆಂಪಿಯರ್ ಎಳೆದರೆ ಸುಮಾರು 110 ವ್ಯಾಟ್. ಆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅರ್ಧಕ್ಕೆ ಸ್ವಲ್ಪ ಮೇಲೆ ಮಾತ್ರ ಕೈಗೆ ಕೊಡುತ್ತದೆ, ಉಳಿದದ್ದು ಶಾಖ. ಅಂದರೆ ಎಂಜಿನ್ ಮೇಲೆ ಬೀಳುವ ಹೊರೆ 180–200 ವ್ಯಾಟ್. ಕೂಡಿ ಕಳೆದರೆ ಮೈಲೇಜಿನಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯುವುದಿಲ್ಲ. ಟೈರ್‌ಗೆ ಸರಿಯಾಗಿ ಗಾಳಿ ಹಿಡಿಸಿದರೆ ಇದಕ್ಕಿಂತ ಜಾಸ್ತಿ ಬರುತ್ತದೆ.

‘ಹಾಗಾದರೆ ದೊಡ್ಡ ಕಂಪನಿಗಳು ಯಾಕೆ ಎಲೆಕ್ಟ್ರಿಕ್ ಪಂಪ್ ಹಾಕುತ್ತವೆ?’ ಅಂತ ನಮ್ಮ ಹುಡುಗರೇ ನನ್ನನ್ನು ಕೇಳಿದ್ದಾರೆ. 2009ರಲ್ಲಿ ಬಂದ ಮೂರನೇ ತಲೆಮಾರಿನ ಟೊಯೊಟಾ ಪ್ರಿಯಸ್‌ನ ಎಂಜಿನ್‌ಗೆ ಬೆಲ್ಟೇ ಇಲ್ಲ. ವಾಟರ್ ಪಂಪ್ ಎಲೆಕ್ಟ್ರಿಕ್. ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಸಿಗ್ನಲ್ಲಿಗೊಮ್ಮೆ ನಿಲ್ಲುತ್ತದೆ. ಬೆಲ್ಟ್ ಪಂಪ್ ಇದ್ದರೆ ಅದೂ ನಿಲ್ಲುತ್ತದೆ. ಬ್ಯಾಟರಿಯನ್ನು ಕೂಲೆಂಟ್‌ನಿಂದ ತಣಿಸುವ ಎಲೆಕ್ಟ್ರಿಕ್ ಕಾರುಗಳಲ್ಲಂತೂ ಬೆಲ್ಟ್ ಹಾಕಲು ಎಂಜಿನ್ನೇ ಇಲ್ಲ. ಅಲ್ಲೆಲ್ಲ ಪಂಪ್ ಜೊತೆ ಕಂಪ್ಯೂಟರ್ ಇರುತ್ತದೆ. ಪಂಪ್ ತಿರುಗದಿದ್ದರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ, ದೀಪ ಹತ್ತಿಸುತ್ತದೆ, ಎಂಜಿನ್ ಶಕ್ತಿ ಇಳಿಸುತ್ತದೆ. ಹೊರಗಿನಿಂದ ತಂದು ಹಾಕುವ ಕಿಟ್‌ನಲ್ಲಿ ಆ ಜಾಣತನದ ಒಂದು ಪಾಲು ಮಾತ್ರ ಸಿಗುತ್ತದೆ.

ಈಗ ನಿಮ್ಮ ಭಯದ ವಿಷಯ. ಅದು ಸುಮ್ನೆ ಭಯ ಅಲ್ಲ.

ಬೆಲ್ಟ್ ಪಂಪ್ ಸಾಯುವ ಮುನ್ನ ಹೇಳಿ ಸಾಯುತ್ತದೆ. ಸೀಲ್ ಹೋದರೆ ಶಾಫ್ಟ್ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತದೆ. ಬೇರಿಂಗ್ ಹೋದರೆ ಗೊರಗೊರ ಅನ್ನುತ್ತದೆ. ಫ್ಯಾನ್ ಹಿಡಿದು ಅಲ್ಲಾಡಿಸಿದರೆ ಆಡುತ್ತದೆ. ವಾರಗಟ್ಟಲೆ ಟೈಮ್ ಕೊಡುತ್ತದೆ. ಬೆಲ್ಟ್ ಕಿತ್ತುಹೋದರೂ ಪದ್ಮಿನಿಯಲ್ಲಿ ಒಂದು ಅನುಕೂಲ ಇದೆ. ಅದೇ ಬೆಲ್ಟ್ ಚಾರ್ಜಿಂಗ್‌ಗೂ ಹೋಗುವುದರಿಂದ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಗಲ್ಲ. ಫ್ಯೂಸ್, ರಿಲೇ, ಕನೆಕ್ಟರ್, ಅರ್ಥ್ ವೈರ್, ಯಾವುದು ಕೈಕೊಟ್ಟರೂ ಸದ್ದಿಲ್ಲದೆ ನಿಲ್ಲುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ಬೇರೆ ಎಂಜಿನ್ ಕೂರಿಸಿದ ಒಂದು ಮಾರುತಿ ಜಿಪ್ಸಿಗೆ ಎಲೆಕ್ಟ್ರಿಕ್ ಪಂಪ್ ಹಾಕಿದೆವು. ಆ ಎಂಜಿನ್‌ನ ಸ್ವಂತ ಪಂಪಿಗೆ ಬಾನೆಟ್ ಒಳಗೆ ಜಾಗವೇ ಇರಲಿಲ್ಲ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ. ಅರ್ಥ್ ವೈರನ್ನು ನಮ್ಮ ಹುಡುಗ ಪೇಂಟ್ ಕೆರೆಯದೆ ಬಾಡಿ ಬೋಲ್ಟ್‌ಗೆ ಬಿಗಿದಿದ್ದ. ನಾನೂ ನೋಡಲಿಲ್ಲ. ನಾಲ್ಕು ತಿಂಗಳು ಓಡಿತು. ಒಂದು ಮಳೆಗಾಲದ ಭಾನುವಾರ ದೇವರಾಯನದುರ್ಗದ ಏರಿನಲ್ಲಿ ಪಂಪ್ ನಿಂತಿತು. ತಮಾಷೆ ಏನು ಗೊತ್ತಾ? ಮೀಟರ್ ಮುಳ್ಳು ಏರಲೇ ಇಲ್ಲ. ಸೆನ್ಸರನ್ನು ಮೇಲಿನ ಹೋಸ್ ಪೈಪ್‌ಗೆ ಹಾಕಿದ್ದೆವು. ನೀರು ನಿಂತ ಮೇಲೆ ಹೆಡ್ಡಿನ ಬಿಸಿ ಅಲ್ಲಿಗೆ ಬರುವುದಾದರೂ ಹೇಗೆ? ಹೋಸ್ ತಣ್ಣಗಿತ್ತು, ಎಂಜಿನ್ ಬೇಯುತ್ತಿತ್ತು. ಬ್ಲಾಕ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ ಹೋಯಿತು, ಹೆಡ್ ಬೆಂಡ್ ಆಯಿತು. ತಪ್ಪು ಪೂರ್ತಿ ನಮ್ಮದು, ಖರ್ಚೂ ನಾವೇ ಹಾಕಿಕೊಂಡೆವು. ಅಂದಿನಿಂದ ಸೆನ್ಸರ್ ಹೆಡ್ಡಿನ ಮೇಲೇ ಕೂರಬೇಕು, ಬಜರ್ ಇರಲೇಬೇಕು ಅನ್ನುವುದು ನಮ್ಮಲ್ಲಿ ಕಾನೂನು.

ಇನ್ನು ಕರೆಂಟ್ ಲೆಕ್ಕ. ಮಳೆ, ರಾತ್ರಿ, ಕೆ.ಆರ್. ಪುರ. ಹೆಡ್‌ಲೈಟ್ ಎರಡಕ್ಕೆ 9 ಆಂಪಿಯರ್, ಎಸಿ ಬ್ಲೋವರ್‌ಗೆ 10, ಕಂಡೆನ್ಸರ್ ಫ್ಯಾನ್‌ಗೆ 8, ವೈಪರ್ ಮತ್ತು ಹಿಂದಿನ ಲೈಟುಗಳಿಗೆ 6, ಇಗ್ನಿಷನ್‌ಗೆ 4. ಆಗಲೇ 37 ಆಯಿತು. ಇದು ಅಂದಾಜು, ನಿಮ್ಮ ಕಾರಿನಲ್ಲಿ ಒಂದೆರಡು ಆಚೀಚೆ ಇರಬಹುದು. ಎಲೆಕ್ಟ್ರಿಕ್ ವಾಟರ್ ಪಂಪ್‌ಗೆ ಇನ್ನೊಂದು 8 ಸೇರಿಸಿ. ಬೆಲ್ಟ್ ಫ್ಯಾನ್ ಕೂಡ ತೆಗೆದರೆ ರೇಡಿಯೇಟರ್ ಫ್ಯಾನ್‌ಗೆ 10 ಸೇರಿಸಿ. 55ಕ್ಕೆ ಬಂತು. ನಿಮ್ಮ ಆಲ್ಟರ್ನೇಟರ್ ಮೇಲೆ ಬರೆದಿರುವ ಅಂಕಿ ನೋಡಿ. ಅದು ಜೋರಾಗಿ ತಿರುಗುವಾಗಿನ ಲೆಕ್ಕ. ಐಡಲಿಂಗ್‌ನಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. ಬ್ಯಾಟರಿ ಇಳಿದಂತೆ ಪಂಪ್ ನಿಧಾನ, ಫ್ಯಾನ್ ನಿಧಾನ. ಯಾವ ಜಾಗದಲ್ಲಿ ಕಾಪಾಡಲಿ ಅಂತ ಹಾಕಿದಿರೋ ಅಲ್ಲೇ ಸೋಲುತ್ತದೆ. ಆಲ್ಟರ್ನೇಟರ್ ಬದಲು ಡೈನಮೋ ಇರುವ ಹಳೇ ಫಿಯೆಟ್‌ಗಳವರು ಈ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನಿಂತಾಗ ಡೈನಮೋ ಕೊಡುವುದು ಹೆಚ್ಚುಕಡಿಮೆ ಏನೂ ಇಲ್ಲ.

ಇಷ್ಟೆಲ್ಲ ಹೇಳಿದೆ ಅಂತ ನಾನು ಎಲೆಕ್ಟ್ರಿಕ್ ಪಂಪಿನ ವೈರಿ ಅಂದುಕೊಳ್ಳಬೇಡಿ. ಆ ಜಿಪ್ಸಿ ಇವತ್ತಿಗೂ ಅದರಲ್ಲೇ ಓಡುತ್ತಿದೆ. ಬೇರೆ ಎಂಜಿನ್ ಕೂರಿಸಿ ಮೂಲ ಪಂಪ್ ಹಿಡಿಸದಿದ್ದಾಗ, ಹಳೇ ವಿದೇಶಿ ಕಾರಿನ ಪಂಪ್ ಎಲ್ಲೂ ಸಿಗದಿದ್ದಾಗ, ಗಂಟೆಗಟ್ಟಲೆ 6,000–7,000 ಸುತ್ತಿನಲ್ಲಿ ಓಡುವ ಟ್ರ್ಯಾಕ್ ಕಾರಿಗೆ, ಅದು ಸರಿಯಾದ ಉತ್ತರ. ಅಷ್ಟು ವೇಗದಲ್ಲಿ ಬೆಲ್ಟ್ ಪಂಪಿನ ರೆಕ್ಕೆಗಳ ಬಳಿ ನೀರು ಗುಳ್ಳೆಯೊಡೆದು ಹಿಡಿತ ತಪ್ಪುತ್ತದೆ, ಎಲೆಕ್ಟ್ರಿಕ್ ಪಂಪಿಗೆ ಎಂಜಿನ್ ವೇಗದ ಹಂಗಿಲ್ಲ. ಇನ್ನೊಂದು ನಿಜವಾದ ಲಾಭ, ಕೀ ತೆಗೆದ ಮೇಲೂ ಎರಡು ಮೂರು ನಿಮಿಷ ನೀರು ಸುತ್ತಿಸಬಹುದು. ಬಿಸಿ ಎಂಜಿನ್ ಆಫ್ ಮಾಡಿದಾಗ ಒಳಗಿನ ಶಾಖ ಮೇಲೇರಿ ಕಾರ್ಬುರೇಟರ್‌ನ ಪೆಟ್ರೋಲ್ ಕುದಿಸುತ್ತದೆ. ನಂದಿ ಬೆಟ್ಟದ ಮೇಲೆ ಟೀ ಕುಡಿದು ಬಂದ ಮೇಲೆ ನಿಮ್ಮ ಕಾರು ಸ್ಟಾರ್ಟ್ ಆಗಲು ಕಾಡಿಸುತ್ತಿದ್ದರೆ ಕಾರಣ ಅದೇ. ಅದಕ್ಕೆ ಪೂರ್ತಿ ಪಂಪ್ ಬದಲಿಸಬೇಕಿಲ್ಲ. ಬಾನೆಟ್ ಹತ್ತು ನಿಮಿಷ ಎತ್ತಿಟ್ಟರೆ ಸಾಕು.

ಹಾಕಿಸಿಯೇ ತೀರುತ್ತೇನೆ ಅಂದರೆ ಮೊದಲು ಇದನ್ನು ತಿಳಿದುಕೊಳ್ಳಿ. ಪದ್ಮಿನಿಯಲ್ಲಿ ಹಳೇ ಪಂಪನ್ನು ಸುಮ್ನೆ ಬಿಚ್ಚಿ ಎಸೆಯಲು ಆಗುವುದಿಲ್ಲ, ಬೆಲ್ಟ್ ಅದರ ಪುಲ್ಲಿ ಸುತ್ತಿ ಹೋಗುತ್ತದೆ. ಸಾಮಾನ್ಯವಾಗಿ ಒಳಗಿನ ಇಂಪೆಲರ್ ಕತ್ತರಿಸಿ ಪುಲ್ಲಿ ಮಾತ್ರ ಉಳಿಸುತ್ತಾರೆ. ಕತ್ತರಿಸಿದ ಮೇಲೆ ಅದು ಪಂಪ್ ಅಲ್ಲ. ವಾಪಸ್ ಬರಬೇಕಾದರೆ ಇನ್ನೊಂದು ಕೊಳ್ಳಬೇಕು. ಹಾಗಾಗಿ ಹಳೆಯದನ್ನು ಕತ್ತರಿಸದೆ ಎತ್ತಿಟ್ಟು, ಬೇರೆ ಒಂದನ್ನು ಬಲಿ ಕೊಡಿ. ಹೊಸ ಪಂಪ್ ರೇಡಿಯೇಟರ್‌ನ ಕೆಳ ಹೋಸ್ ಮಟ್ಟದಲ್ಲಿ, ಆದಷ್ಟು ತಳದಲ್ಲಿ ಕೂರಬೇಕು. ಬಾವಿ ಮೋಟರ್ ನೋಡಿದವರಿಗೆ ಇದು ಗೊತ್ತು. ಫುಟ್ ವಾಲ್ವ್ ಲೀಕ್ ಆಗಿ ಗಾಳಿ ಹೊಕ್ಕರೆ ಮೋಟರ್ ಎಷ್ಟು ತಿರುಗಿದರೂ ನೀರು ಎತ್ತುವುದಿಲ್ಲ. ಇದೂ ಅದೇ ಜಾತಿ. ಕಂಟ್ರೋಲರ್ ಇರುವ ಕಿಟ್‌ನಲ್ಲಿ ಥರ್ಮೋಸ್ಟಾಟ್ ತೆಗೆಯಿರಿ ಅಂತ ತಯಾರಕರೇ ಹೇಳುತ್ತಾರೆ, ಅಲ್ಲಿ ಪಂಪಿನ ವೇಗವೇ ಥರ್ಮೋಸ್ಟಾಟ್ ಕೆಲಸ ಮಾಡುತ್ತದೆ. ಕಂಟ್ರೋಲರ್ ಇಲ್ಲದೆ ಸ್ವಿಚ್ಚಿಗೆ ಕಟ್ಟಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ನನ್ನ ಕಾರಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಆ ಮುಂದಿನ ಫ್ಯಾನ್. ಎಸಿ ಕಂಪ್ರೆಸರ್ ಹಿಡಿದ ಕ್ಷಣ ಅದು ತಪ್ಪದೆ ತಿರುಗಬೇಕು. ರಿಲೇ, ಫ್ಯೂಸ್, ಅರ್ಥ್ ಮೂರೂ ಹೊಸದಾಗಿ ಮಾಡಿಸಿ. ಗಾಳಿಯನ್ನು ರೇಡಿಯೇಟರ್ ಕಡೆಗೇ ತಳ್ಳುತ್ತಿದೆಯೇ ನೋಡಿ. ವೈರ್ ಉಲ್ಟಾ ಕೊಟ್ಟು ಗಾಳಿ ಆಚೆ ಹೋಗುತ್ತಿದ್ದ ಕಾರುಗಳನ್ನು ನಾನು ಕಂಡಿದ್ದೇನೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂತ ಧೂಳು, ಹುಳ, ಹುಲ್ಲುಕಡ್ಡಿಗಳನ್ನು ಎಂಜಿನ್ ಕಡೆಯಿಂದ ನೀರು ಬಿಟ್ಟು ತೊಳೆಸಿ. ಎಂಜಿನ್ ಫ್ಯಾನ್ ಸುತ್ತ ತಗಡಿನ ಕವಚ ಇಲ್ಲದಿದ್ದರೆ ಮಾಡಿಸಿ ಹಾಕಿ. ಕವಚ ಇಲ್ಲದ ಫ್ಯಾನ್ ಅದೇ ಬಿಸಿ ಗಾಳಿಯನ್ನು ತನ್ನ ಸುತ್ತಲೇ ಸುತ್ತಿಸಿಕೊಂಡು ಕೂರುತ್ತದೆ. ಇಷ್ಟರಲ್ಲೇ ಕೆ.ಆರ್. ಪುರದ ಕಾಟ ಮುಕ್ಕಾಲು ತೀರಬೇಕು.

ಆಮೇಲೆ ರೇಡಿಯೇಟರ್. ಹಿತ್ತಾಳೆ ತಾಮ್ರದ್ದಾದರೆ ಬಿಡಬೇಡಿ, ಚಿನ್ನ ಅದು. ಟ್ಯಾಂಕ್ ಬಿಚ್ಚಿಸಿ, ನಾಳಗಳಿಗೆ ಕಂಬಿ ಆಡಿಸಿ, ಮತ್ತೆ ಬೆಸುಗೆ ಹಾಕಿಸಿ. ಬ್ಲಾಕ್ ತೊಳೆಯಲು ಸಿಟ್ರಿಕ್ ಆಸಿಡ್ ಬೆರೆಸಿದ ನೀರು ಸಾಕು. ಕಡಿಮೆ ಹೊತ್ತು ಬಿಟ್ಟು ಚೆನ್ನಾಗಿ ತೊಳೆದುಬಿಡಿ. ಬಾತ್‌ರೂಮ್ ಆಸಿಡ್ ಮಾತ್ರ ಬೇಡವೇ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ, ಹೊಸ ಬೆಲ್ಟ್. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಅದೂ ಹೊಸದು, ಎಂಜಿನ್ ಜೋರಾದಾಗ ಪಂಪಿನ ಎಳೆತಕ್ಕೆ ಅದು ಒಳಕ್ಕೆ ಚಪ್ಪಟೆಯಾಗುತ್ತದೆ. ತುಂಬಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಮೂರನೇ ಒಂದು ಭಾಗ ಹಸಿರು ಕೂಲೆಂಟ್. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಹಾಗಾಗಿ ಅರ್ಧಕ್ಕರ್ಧ ಬೇಕಿಲ್ಲ. ಶಾಖ ಹೊರುವುದರಲ್ಲಿ ನೀರೇ ಜಾಸ್ತಿ, ಕೂಲೆಂಟ್ ಇರುವುದು ತುಕ್ಕು ತಡೆಯಲು ಮತ್ತು ಕುದಿಯುವ ಮಟ್ಟ ಸ್ವಲ್ಪ ಏರಿಸಲು. ಎಲ್ಲ ಸೇರಿದರೂ ನಿಮಗೆ ಹೇಳಿದ 35,000ದ ಹತ್ತಿರಕ್ಕೂ ಹೋಗಲಿಕ್ಕಿಲ್ಲ. ಇಗ್ನಿಷನ್ ಟೈಮಿಂಗ್ ಕೂಡ ಒಮ್ಮೆ ನೋಡಿಸಿ, ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹಾರುತ್ತಿದ್ದರೂ ಎಂಜಿನ್ ಹೀಟ್ ಆಗುತ್ತದೆ.

ಇದೆಲ್ಲ ಆದ ಮೇಲೂ ಏರಿದರೆ ಆಗ ಪಂಪನ್ನು ಅನುಮಾನಿಸೋಣ, ಅದಕ್ಕೂ ಒಂದು ಪರೀಕ್ಷೆ ಇದೆ. ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಯಾರ ಹತ್ತಿರವಾದರೂ ಸಿಗುತ್ತದೆ. ರೇಡಿಯೇಟರ್‌ನ ಮೇಲಿನ ಮತ್ತು ಕೆಳಗಿನ ಕತ್ತಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಹೊಳೆಯುವ ಹಿತ್ತಾಳೆಗೆ ನೇರ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಮುಳ್ಳು ಏರುತ್ತಿರುವಾಗ ಎರಡೂ ಕಡೆ ನೋಡಿ. ಮೇಲೆ ಕೆಳಗೆ ಎರಡೂ ಬಿಸಿ, ವ್ಯತ್ಯಾಸ ಮೂರು ನಾಲ್ಕು ಡಿಗ್ರಿ ಮಾತ್ರ ಅಂದರೆ ನೀರು ಚೆನ್ನಾಗಿ ಸುತ್ತುತ್ತಿದೆ, ಗಾಳಿ ಸಾಲದು. ವ್ಯತ್ಯಾಸ 25–30 ಡಿಗ್ರಿ ಅಂದರೆ ನೀರು ತೆವಳುತ್ತಿದೆ. ಆಗ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಪಂಪಿನ ಇಂಪೆಲರ್ ಸವೆದಿದೆ. ರೇಡಿಯೇಟರ್ ಆಗಷ್ಟೇ ತೊಳೆಸಿದ್ದರೆ ತಪ್ಪು ಪಂಪಿನದೇ. ಆಗಲೂ ಹಾಕಬೇಕಾದದ್ದು ಅದೇ ಜಾತಿಯ ಹೊಸ ಬೆಲ್ಟ್ ಪಂಪ್. ಮುಚ್ಚಳ ತೆರೆದು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಕಥೆ ಬೇರೆ, ಅದು ಹೆಡ್ ಗ್ಯಾಸ್ಕೆಟ್.

ಮೊದಲು ಫ್ಯಾನ್ ಕೆಲಸ ಒಂದನ್ನೇ ಮುಗಿಸಿ, ಮುಂದಿನ ಸಲ ಟಿನ್ ಫ್ಯಾಕ್ಟರಿ ದಾಟುವಾಗ ಪಕ್ಕಕ್ಕೆ ನಿಲ್ಲಿಸಿ ಆ ಎರಡು ಅಂಕಿ ಬರೆದುಕೊಳ್ಳಿ. ಎಸಿ ಹಾಕಿ ಒಮ್ಮೆ, ಆಫ್ ಮಾಡಿ ಐದು ನಿಮಿಷ ಬಿಟ್ಟು ಇನ್ನೊಮ್ಮೆ. ನನಗೆ ಕಳಿಸಿ, ಮುಂದೆ ಏನು ಬಿಚ್ಚಬೇಕು ಅಂತ ಹೇಳುತ್ತೇನೆ.